ಎರಡನೇ ಕಳಸಗಿತ್ತಿ

ಜೀವಶಾಸ್ತ್ರದ ಪಾಠವನ್ನು ಮದುವೆಮನೆ ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಇಬ್ಬರು ಗೆಳತಿಯರೂ ಈಗ ಆ ಉಪಾಯ ತಮ್ಮದೇ ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ. ಬರೆಯುವ ಕೆಲಸ ಸದ್ಯಕ್ಕೆ ನನ್ನ ಕೈಯಲ್ಲಿದೆ.

ಆಗ ನಾವು ಮೂವರೂ ತುಮಕೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆವು. ನಾನು ಗುಬ್ಬಿಯವಳು, ಬೆಳಿಗ್ಗೆ ರೈಲಿಗೆ ಬಂದು ಸಂಜೆ ಸಿಕ್ಕ ಬಸ್ಸಿಗೆ ವಾಪಸು ಹೋಗುತ್ತಿದ್ದೆ. ಇನ್ನೊಬ್ಬಳ ಮನೆ ತುಮಕೂರಿನಲ್ಲೇ, ಉಪ್ಪಾರಹಳ್ಳಿಯಲ್ಲಿ. ಅವಳು ಮೊದಲಿನಿಂದ ಇಂಗ್ಲಿಷ್ ಮೀಡಿಯಂ. ಪುಸ್ತಕದ ವಾಕ್ಯಗಳನ್ನು ಅಲ್ಪವಿರಾಮದ ಸಮೇತ ಒಪ್ಪಿಸುತ್ತಿದ್ದಳು, ನಡುವೆ ಯಾರಾದರೂ ಅರ್ಥ ಕೇಳಿದರೆ ಮಾತ್ರ ಸಿಟ್ಟಾಗುತ್ತಿದ್ದಳು. ಮೂರನೆಯವಳು ಹುಲಿಯೂರುದುರ್ಗದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದಳು. ನಾವು ಅವಳನ್ನು ದುರ್ಗದವಳು ಎಂದೇ ಕರೆಯುತ್ತಿದ್ದೆವು. ಹತ್ತನೇ ತರಗತಿಯವರೆಗೂ ಕನ್ನಡದಲ್ಲಿ ಓದಿ ಊರಿಗೇ ಮೊದಲು ಬಂದಿದ್ದವಳು, ಪಿಯುಸಿಗೆ ಬಂದಮೇಲೆ ಕ್ಲಾಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ದಡ್ಡಿ ಅಲ್ಲವೇ ಅಲ್ಲ. ಪಾಠ ಇಂಗ್ಲಿಷಿನಲ್ಲಿ ಓಡುತ್ತಿತ್ತು, ಅವಳು ಹಿಂದೆ ಹಿಂದೆ ನಡೆದುಕೊಂಡು ಬರುತ್ತಿದ್ದಳು, ಅಷ್ಟೇ.

ಆ ವರ್ಷ ನಮ್ಮಿಬ್ಬರಿಗೂ ಇಲ್ಲದ ಗಂಡಾಂತರ ಅವಳಿಗಿತ್ತು. ಅವಳ ಅಣ್ಣ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿದ್ದ. ತಂಗಿಗೂ ಅಲ್ಲೇ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಹೇಳಿಟ್ಟಿದ್ದ. ಅವಳ ಅಪ್ಪ ಒಂದೇ ಮಾತು ಕೊಟ್ಟಿದ್ದರು: ಮೊದಲ ಸಲಕ್ಕೇ ಎಲ್ಲ ಪಾಸಾದರೆ ನರ್ಸಿಂಗ್ ಓದು, ಒಂದು ಸಬ್ಜೆಕ್ಟ್ ಉಳಿದರೂ ಅಣ್ಣನ ಜೊತೆ ಹೋಗು. ಕೆಲಸಕ್ಕೆ ಹೆದರುವವಳಲ್ಲ ಅವಳು. ಆದರೆ ಅಜ್ಜಿಯನ್ನು ಕುಣಿಗಲ್ಲಿನ ಆಸ್ಪತ್ರೆಗೆ ಸೇರಿಸಿದ್ದಾಗ ಡ್ರಿಪ್ ಹಾಕಲು ಬಂದ ನರ್ಸಮ್ಮ ಒಬ್ಬರು, ಸೂಜಿ ನೋಡಿ ಹೌಹಾರಿದ್ದ ಅಜ್ಜಿಯ ಹತ್ತಿರ ಹಸು ಎಷ್ಟು ಹಾಲು ಕೊಡುತ್ತದೆ ಎಂದು ವಿಚಾರಿಸುತ್ತಲೇ ಕೆಲಸ ಮುಗಿಸಿಬಿಟ್ಟಿದ್ದರಂತೆ. ಅವತ್ತಿನಿಂದ ಇವಳಿಗೆ ಬೇರೆ ಏನೂ ಬೇಡವಾಗಿತ್ತು. ಉಳಿದ ವಿಷಯಗಳು ಹೇಗೋ ದಡ ಸೇರುತ್ತಿದ್ದವು. ಜೀವಶಾಸ್ತ್ರ ಮಾತ್ರ ಕೈಗೆ ಸಿಗುತ್ತಿರಲಿಲ್ಲ, ನರ್ಸಿಂಗಿಗೆ ಅದೇ ಬೇಕಿತ್ತು.

ಹಾಗಾಗಿ ಕಾಲೇಜು ಬಿಟ್ಟಮೇಲೆ ಉಪ್ಪಾರಹಳ್ಳಿಯವಳ ಮನೆಯ ತಾರಸಿಯ ಮೇಲೆ ಸೇರುವುದೆಂದಾಯಿತು. ಪಾಠಗಳನ್ನು ಹಂಚಿಕೊಂಡೆವು. ಯಾರ ಪಾಲಿಗೆ ಯಾವ ಪಾಠ ಬಂತೋ ಅವರು ಅದನ್ನು ಉಳಿದಿಬ್ಬರಿಗೆ ಹೇಳಿಕೊಡಬೇಕು. ಒಣಹಾಕಿದ ಬಟ್ಟೆಗಳ ನಡುವೆ ನಿಂತು, ನೀರಿನ ಟ್ಯಾಂಕಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುವುದು. ಪಾಠ ಹೇಳುವುದರಲ್ಲಿ ನನಗೆ ಸಮ ಯಾರೂ ಇರಲಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಇದ್ದದ್ದನ್ನು ಹೇಳುತ್ತಿದ್ದೇನೆ.

ನನ್ನ ಪಾಲಿಗೆ ಬಂದದ್ದು ಹೂವಿನ ಪಾಠ. ಹೂವಿನ ಅಂಡಕದ ಒಳಗೆ ಒಂದು ಚೀಲ, ಅದಕ್ಕೆ ಭ್ರೂಣಚೀಲ ಎಂದು ಹೆಸರು. ಅದರೊಳಗೆ ಏಳು ಕೋಶ. ಆ ಚಿತ್ರ ಪರೀಕ್ಷೆಗೆ ಬಂದೇ ಬರುತ್ತದೆ ಎಂದು ನಮ್ಮ ಮೇಡಂ ಗಟ್ಟಿಯಾಗಿ ಹೇಳಿದ್ದರು. ದುರ್ಗದವಳಿಗೆ ಆ ಏಳರಲ್ಲಿ ಯಾವುದು ಎಲ್ಲಿ ಎಂಬುದು ಎಷ್ಟು ಸಲ ಹೇಳಿದರೂ ಕಲಸಿಹೋಗುತ್ತಿತ್ತು. ಆಗ ನನಗೆ ಹೊಳೆದದ್ದು ಮದುವೆ. ಅಂಡಕೋಶವೇ ಮದುಮಗಳು. ಅವಳ ಎಡಬಲಕ್ಕೆ ಅಂಟಿಕೊಂಡಿರುವ ಸಿನರ್ಜಿಡ್ ಎಂಬ ಎರಡು ಕೋಶಗಳು ಕಳಸ ಹಿಡಿದು ನಿಲ್ಲುವ ಕಳಸಗಿತ್ತಿಯರು, ಗಂಡಿಗೆ ದಾರಿ ತೋರಿಸುವವರು. ಎದುರು ತುದಿಯಲ್ಲಿರುವ ಮೂರು ಆಂಟಿಪೋಡಲ್ ಕೋಶಗಳು ಹಿಂದಿನ ಕುರ್ಚಿಯಲ್ಲಿ ಕೂತು, ಧಾರೆಗೂ ಕಾಯದೆ ಊಟ ಮುಗಿಸಿ ಹೊರಡುವ ನೆಂಟರು. ಮಧ್ಯದ ದೊಡ್ಡ ಕೋಶ ಅಡುಗೆಮನೆ, ಅದರಲ್ಲಿರುವ ಎರಡು ಕೋಶಕೇಂದ್ರಗಳು ಇಬ್ಬರು ಅಡುಗೆಯವರು. ಪರಾಗನಳಿಕೆ ಎಂಬ ದಿಬ್ಬಣದಲ್ಲಿ ಬರುವವರು ಇಬ್ಬರು: ಒಬ್ಬ ಮದುಮಗ, ಅವನು ಹೆಣ್ಣನ್ನು ಸೇರುತ್ತಾನೆ, ಇನ್ನೊಬ್ಬ ಅವನ ತಮ್ಮ, ಅವನು ನೆಟ್ಟಗೆ ಅಡುಗೆಮನೆಗೆ ನುಗ್ಗುತ್ತಾನೆ. ಆ ಮೂವರು ಸೇರಿ ಮಾಡುವ ಅಡುಗೆಯೇ ಮುಂದೆ ಹುಟ್ಟುವ ಮಗುವಿಗೆ ಊಟ. ನಿಮ್ಮ ತೋಟದ ಎಳನೀರು ಅಂದರೆ ಅದೇ ಅಡುಗೆ ಎಂದೆ.

ಎಳನೀರಿನ ಮಾತು ಬಂದದ್ದೇ ದುರ್ಗದವಳ ಮುಖ ಅರಳಿತು. ಆ ಸಂಜೆ ಅವಳು ತಾನೇ ಸೀಮೆಸುಣ್ಣ ತೆಗೆದುಕೊಂಡು ಇಡೀ ಮದುವೆಯನ್ನು ನಮಗೆ ವಾಪಸು ಹೇಳಿದಳು. ಕಡಲೆಪುರಿ ತಂದ ಉಪ್ಪಾರಹಳ್ಳಿಯವಳ ಅಮ್ಮ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡು, ಯಾರ ಮನೆಯ ಮದುವೆ, ಇಷ್ಟು ಓದುವಾಗ ಅದೆಲ್ಲ ಯಾಕೆ ಎಂದು ಗದರಿದರು. ಹೂವಿನ ಮದುವೆ ಎಂದು ತಿಳಿದಮೇಲೆ ತಾವೂ ಕೂತು, ಅಡುಗೆಯವರು ಇಬ್ಬರೇ ಸಾಲುವುದಿಲ್ಲ ಎಂದು ತಕರಾರು ತೆಗೆದರು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಚಿತ್ರ ಬಂತು. ನಾನು ಬರೆಯುತ್ತಲೇ ದುರ್ಗದವಳ ಕಡೆ ನೋಡಿದೆ. ತಲೆ ಬಗ್ಗಿಸಿ ಭರಭರನೆ ಬರೆಯುತ್ತಿದ್ದಳು. ನನಗೆ ಹೊಟ್ಟೆ ತಣ್ಣಗಾಯಿತು.

ಉತ್ತರಪತ್ರಿಕೆ ಕೊಡುವ ದಿನ ಮೇಡಂ ಅವಳ ಉತ್ತರವನ್ನು ಕ್ಲಾಸಿಗೆಲ್ಲ ಓದಿ ಹೇಳಿದರು. ಚಿತ್ರದಲ್ಲಿ ಅವಳು ಒಂದೇ ಸಿನರ್ಜಿಡ್ ಬರೆದಿದ್ದಳು. ಸಾಲದ್ದಕ್ಕೆ ಕೆಳಗೆ, ಎರಡನೇ ಸಿನರ್ಜಿಡ್ ಪರಾಗನಳಿಕೆಯ ಜೊತೆಯಲ್ಲಿ ಬರುತ್ತದೆ ಎಂದು ವಿವರಣೆ ಬೇರೆ ಕೊಟ್ಟಿದ್ದಳು. ಇದು ಯಾವ ಪುಸ್ತಕದಲ್ಲಿದೆಯಮ್ಮಾ ಎಂದು ಮೇಡಂ ನಿಜವಾದ ಕುತೂಹಲದಿಂದಲೇ ಕೇಳಿದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಎದ್ದು ನಿಂತಿದ್ದಳು, ಕಿವಿಗಳು ಕೆಂಪಗಾಗಿದ್ದವು. ಆ ಚಿತ್ರಕ್ಕೂ ಅದಕ್ಕೆ ಅಂಟಿಕೊಂಡ ಪ್ರಶ್ನೆಗೂ ಹೋದ ಅಂಕಗಳಿಂದಲೇ ಅವಳು ಫೇಲಾಗಿದ್ದಳು.

ಸಂಜೆ ತಾರಸಿಯ ಮೇಲೆ ನಾನು ಸುಮ್ಮನಿರಲಿಲ್ಲ. ಇಬ್ಬರು ಕಳಸಗಿತ್ತಿಯರು ಎಂದು ಬಾಯಿ ಹರಿದುಹೋಗುವ ಹಾಗೆ ಹೇಳಿದ್ದೆನಲ್ಲ, ಒಬ್ಬಳನ್ನು ಎಲ್ಲಿ ಕಳೆದೆ ಎಂದು ಕೇಳಿದೆ. ಅವಳು ನನ್ನನ್ನು ನೇರವಾಗಿ ನೋಡಿದಳು.

"ಹೆಣ್ಣಿನ ಕಡೆಗೆ ಒಬ್ಳು, ಗಂಡಿನ ಕಡೆಗೆ ಒಬ್ಳು ಕಣೇ ಕಳಸಗಿತ್ತಿ. ಗಂಡಿನ ಕಡೆಯವ್ಳು ಗಂಡಿನ ಜೊತೆ ಬರ್ತಾಳೆ. ಗಂಡೇ ಬಂದಿಲ್ಲ, ಅವ್ಳು ಮುಂಚೇನೇ ಬಂದು ಅಲ್ಲಿ ಹೆಂಗೆ ನಿಂತವ್ಳೆ?"

ನಾನು ಎಂಥಾ ಮಾತುಗಾರ್ತಿಯಾದರೂ ಅವಳು ಹೇಳಿದ್ದು ನಮ್ಮ ಸೀಮೆಯ ಯಾವ ಮದುವೆಮನೆಯಲ್ಲಿ ನೋಡಿದರೂ ಸರಿ. ಅವಳು ಪಾಠ ಮರೆತಿರಲಿಲ್ಲ. ನಾನು ಕೊಟ್ಟ ಮದುವೆಯನ್ನು ನನಗಿಂತ ಚೆನ್ನಾಗಿ ಯೋಚಿಸಿ, ಪದ್ಧತಿ ಪ್ರಕಾರ ನಡೆಸಿದ್ದಳು. ಉಪ್ಪಾರಹಳ್ಳಿಯವಳು ಮಾತ್ರ ಇದೇ ಸಮಯ ಕಾಯುತ್ತಿದ್ದವಳ ಹಾಗೆ, ಮದುವೆಯೂ ಬೇಡ ಮುಂಜಿಯೂ ಬೇಡ, ನಾಳೆಯಿಂದ ಸುಮ್ಮನೆ ಉರು ಹೊಡೆಯಲಿ ಎಂದು ತೀರ್ಪು ಕೊಟ್ಟಳು. ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಜಗಳದ ಮಧ್ಯೆ ದುರ್ಗದವಳು ಬ್ಯಾಗು ಹೆಗಲಿಗೇರಿಸಿ, ಊರಲ್ಲಿ ದೊಡ್ಡಪ್ಪನ ಮಗಳ ಮದುವೆ ಇದೆ, ಹೋಗಿ ಬರುತ್ತೇನೆ ಎಂದು ಹೊರಟುಹೋದಳು.

ಅವಳು ಹೋದ ಮೇಲೆ ನನಗೆ ಭಯವಾಯಿತು. ಅಣ್ಣ ಊರಿಗೆ ಬಂದಿರುತ್ತಾನೆ, ಫೇಲಾದ ಸುದ್ದಿ ತಿಳಿದರೆ ಅಲ್ಲಿಂದಲೇ ಫ್ಯಾಕ್ಟರಿಗೆ ಕರೆದುಕೊಂಡು ಹೋದರೆ ಏನು ಗತಿ ಎಂದು ಗುಬ್ಬಿಯ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಅವಳಿಲ್ಲದ ತಾರಸಿ ನನಗೆ ಬೇಡವಾಗಿತ್ತು.

ಸೋಮವಾರ ಅವಳು ಕೈಯಲ್ಲಿ ಮದರಂಗಿ ಹಾಕಿಕೊಂಡು, ಮದುವೆಯ ಲಾಡು ಕಟ್ಟಿಕೊಂಡು ಬಂದಳು. ಲಾಡು ನಮ್ಮ ಕೈಗೆ ಕೊಡುವ ಮೊದಲೇ ಟ್ಯಾಂಕಿನ ಹತ್ತಿರ ಹೋಗಿ ಚೀಲ ಬರೆದಳು. ಮದುಮಗಳ ಪಕ್ಕದಲ್ಲಿ ಒಬ್ಬಳನ್ನು ಬರೆದಳು, ಇನ್ನೊಂದು ಪಕ್ಕದಲ್ಲಿ ಇನ್ನೊಬ್ಬಳನ್ನು.

"ಗಂಡಿನ ಕಡೆ ಕಳಸಗಿತ್ತಿ ಚಪ್ಪರದ ದಿನಾನೇ ಬಂದ್ಬುಟ್ಟವ್ಳೆ," ಎಂದಳು. "ದಿಬ್ಬಣ ಬರೋದು ಮಾರ್ನೇ ದಿನ. ಗಂಡು ಬರೋ ಹೊತ್ಗೆ ಇಬ್ರೂ ಇರ್ತಾರೆ. ಗಂಡು ಅವ್ಳ ಕಡೆಯಿಂದ್ಲೇ ಒಳಕ್ ಬರೋದು, ಗುರುತಿರೋಳು ತಾನೆ."

ನಾನು ಪುಸ್ತಕ ತೆರೆದು ನೋಡಿದೆ. ಪರಾಗನಳಿಕೆ ಎರಡು ಸಿನರ್ಜಿಡ್‌ಗಳಲ್ಲಿ ಒಂದರೊಳಗಿಂದಲೇ ಪ್ರವೇಶಿಸುತ್ತದೆ ಎಂದು ಅಲ್ಲಿ ಬರೆದಿತ್ತು. ಅದನ್ನು ನಾನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ದೊಡ್ಡಪ್ಪನ ಮನೆಯ ಚಪ್ಪರದ ಕೆಳಗೆ ನಿಂತು, ಯಾರು ಯಾವಾಗ ಬಂದರು, ಯಾರು ಯಾರ ಪಕ್ಕ ನಿಂತರು ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬಂದಿದ್ದಳು. ಸೋದರತ್ತೆ ಯಾಕೆ ಹೀಗೆ ಬಾಯಿ ಬಿಟ್ಟುಕೊಂಡು ನಿಂತಿದ್ದೀಯ ಎಂದು ಬೈದರಂತೆ. ಅಣ್ಣ ಫ್ಯಾಕ್ಟರಿಯ ಮಾತು ಎತ್ತಿದಾಗ, ರಿಸಲ್ಟ್ ಬರಲಿ ಎಂದಷ್ಟೇ ಹೇಳಿ ಬಂದಿದ್ದಳಂತೆ. ನನಗೆ ಅವಳ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ತೋರಿಸುವುದೆಂದು ತಿಳಿಯದೆ ಒಂದರ ಮೇಲೊಂದು ಲಾಡು ತಿಂದೆ.

ಅಲ್ಲಿಂದ ಮುಂದೆ ತಾರಸಿಯ ಯಜಮಾನಿಕೆ ಅವಳದ್ದಾಯಿತು. ನಾವು ಏನು ಹೇಳಿದರೂ ಎರಡು ಪ್ರಶ್ನೆ ಕೇಳುತ್ತಿದ್ದಳು: ಅದು ಯಾರ ಕಡೆಯದು, ಯಾವಾಗ ಬಂತು. ಸಕ್ಕರೆ ಅರಗಿಸುವ ಬ್ಯಾಕ್ಟೀರಿಯಾದ ಪಾಠವನ್ನು ನಾನು ಅತ್ತೆಮನೆ ಮಾಡಿದೆ. ಜೀನಿನ ಕೆಲಸಕ್ಕೆ ತಡೆಯೊಡ್ಡುವ ರೆಪ್ರೆಸರ್ ಎಂಬ ಪ್ರೋಟೀನು ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತ ಅತ್ತೆ; ಲ್ಯಾಕ್ಟೋಸ್ ಎಂಬ ನೆಂಟರು ಬಂದು ಅವರನ್ನು ಮಾತಿಗೆ ಎಳೆದುಕೊಂಡು ಹೋದರೆ ಒಳಗೆ ಒಲೆ ಹೊತ್ತುತ್ತದೆ. ಆ ಅತ್ತೆ ಎಲ್ಲಿಂದ ಬಂದರು ಎಂದು ದುರ್ಗದವಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಉಪ್ಪಾರಹಳ್ಳಿಯವಳು ಉರು ಹೊಡೆದದ್ದನ್ನು ಒಪ್ಪಿಸುತ್ತ ಹೋಗಿ, ಅತ್ತೆಯನ್ನು ತಯಾರು ಮಾಡುವ ಜೀನ್ ಬೇರೆಯೇ ಇದೆ ಎಂಬ ವಾಕ್ಯ ಬಂದಾಗ ತಾನೇ ಗಕ್ಕನೆ ನಿಂತಳು. ಎಷ್ಟೋ ಸಲ ಒಪ್ಪಿಸಿದ್ದ ಆ ವಾಕ್ಯ ಅವಳಿಗೆ ಅರ್ಥವಾದದ್ದು ಆ ಹೊತ್ತಿನಲ್ಲೇ. ಅವತ್ತಿನಿಂದ ಅವಳೂ ಅರ್ಥ ಕೇಳಿದರೆ ಸಿಟ್ಟಾಗುವುದನ್ನು ಬಿಟ್ಟಳು.

ಪರೀಕ್ಷೆಯ ದಿನ ನಾನು ಒಳಗೆ ಹೋಗುವಾಗ ಅವಳಿಗೆ ಧೈರ್ಯ ಹೇಳಲಿಲ್ಲ. ಬೇಕಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಚೀಲದ ಚಿತ್ರ ಇರಲಿಲ್ಲ. ಬದಲಿಗೆ ಹೂವಿನಲ್ಲಿ ನಡೆಯುವ ಇಮ್ಮಡಿ ನಿಷೇಚನ, ಅಂದರೆ ಇಬ್ಬರು ಬಂದು ಎರಡು ಕಡೆ ಸೇರುವ ಆ ಇಡೀ ಕಾರ್ಯ, ಅದನ್ನು ವಿವರಿಸಿ ಎಂದು ಕೇಳಿದ್ದರು. ಮದುವೆಮನೆಯ ಫೋಟೋ ಬೇಡ, ಮದುವೆಯನ್ನೇ ನಡೆಸಿ ತೋರಿಸು ಎಂದ ಹಾಗೆ. ಅವಳು ಕೊನೆಯ ಬೆಲ್ಲು ಹೊಡೆದ ಮೇಲೂ ಕೂತೇ ಇದ್ದಳು. ಹೊರಗೆ ಬಂದು ಗೇಟಿನ ಪಕ್ಕ ಎಳನೀರು ಕೊಚ್ಚುವವನ ಹತ್ತಿರ ಮೂರು ಕೊಚ್ಚಿಸಿದಳು. ಗಂಜಿ ಇರುವುದನ್ನೇ ಆರಿಸಿ ಕೊಡಿ ಎಂದಳು.

ಫಲಿತಾಂಶ ಬಂದ ದಿನ ಅವಳು ಊರಿನಿಂದ ಫೋನ್ ಮಾಡಿದಳು. ಎಲ್ಲ ಪಾಸು. ಜೀವಶಾಸ್ತ್ರದಲ್ಲಿ ನನಗಿಂತ ಹೆಚ್ಚು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಉರಿಯುತ್ತಿದ್ದ ಹೊಟ್ಟೆಯಲ್ಲೇ ಗುಬ್ಬಿಯ ನಮ್ಮ ಮನೆಯ ನಡುಮನೆಯಲ್ಲಿ ಕುಣಿದಾಡಿಬಿಟ್ಟೆ. ಅಮ್ಮ ನನ್ನದೇ ರ್‍ಯಾಂಕ್ ಬಂದಿದೆ ಎಂದುಕೊಂಡು ದೇವರಿಗೆ ದೀಪ ಹಚ್ಚಿದಳು. ನಾನು ತಿದ್ದಲು ಹೋಗಲಿಲ್ಲ.

ಹೋದ ವರ್ಷ ಗುಬ್ಬಿಯಲ್ಲಿ ನನ್ನ ಮದುವೆಯಾಯಿತು. ನಮ್ಮ ಕಡೆಯ ಕಳಸಕ್ಕೆ ನನ್ನ ತಂಗಿ ನಿಂತಳು. ಗಂಡಿನ ಕಡೆಯ ಕಳಸ ಹಿಡಿಯಬೇಕಿದ್ದ ನಾದಿನಿಗೆ ಅದೇ ವಾರ ಹೆರಿಗೆಯಾಗಿತ್ತು. ಯಾರನ್ನು ನಿಲ್ಲಿಸುವುದು ಎಂದು ಚಪ್ಪರದ ಸಂಜೆ ಹಿರಿಯರು ಚರ್ಚೆ ಮಾಡುತ್ತಿರುವಾಗ ದುರ್ಗದವಳು ಬಸ್ಸಿಳಿದು ನೇರ ಛತ್ರಕ್ಕೆ ಬಂದಳು. ನೀವು ಒಪ್ಪಿದರೆ ನಿಮ್ಮ ಕಡೆಗೆ ನಾನು ನಿಲ್ಲುತ್ತೇನೆ ಎಂದು ನನ್ನ ಅತ್ತೆಯನ್ನೇ ಕೇಳಿದಳು. ಅವರಿಗೂ ಅದೇ ಬೇಕಾಗಿತ್ತು.

ಮರುದಿನ ಧಾರೆಯ ಹೊತ್ತಿಗೆ ಒಂದು ಪಕ್ಕದಲ್ಲಿ ತಂಗಿ, ಇನ್ನೊಂದು ಪಕ್ಕದಲ್ಲಿ ಅವಳು. ಉಪ್ಪಾರಹಳ್ಳಿಯವಳು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು, ಧಾರೆಗೂ ಕಾಯದೆ ಊಟಕ್ಕೆ ಹೊರಟುಬಿಡುತ್ತಾಳೇನೋ ಎಂದು ನಾನು ಕಣ್ಣಿಟ್ಟಿದ್ದೆ. ವಾಲಗ ಜೋರಾದಾಗ ದುರ್ಗದವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇಬ್ರು ಇದೀವಿ, ಎಣಿಸ್ಕೊ," ಎಂದಳು. "ಬುಕ್ಕಲ್ಲಿ ಕೆಲ್ಸ ಮುಗಿದ್ಮೇಲೆ ಸಿನರ್ಜಿಡ್ ಎರಡೂ ಸತ್ತೋಯ್ತವೆ, ನಮ್ ಕತೆನೂ ಮುಗೀತದೆ. ಇಲ್ಲಿ ಹಂಗಾಗಂಗಿಲ್ಲ ಕಣೇ. ನಾಳೆ ಬೆಳಿಗ್ಗೆ ನಂಗೆ ವಾರ್ಡಲ್ಲಿ ಡ್ಯೂಟಿ ಐತೆ, ಬೇಗ ಊಟಕ್ಕೆ ಕಳ್ಸು."