ಶುಕ್ರವಾರವಿಡೀ ನೆನೆದ ಫೈಲು

ನನ್ನ ಕೈ ನಿಧಾನ, ಬಾಯಿ ಜೋರು. ಅದಕ್ಕೇ ಪೈವಳಿಕೆಯ ಆ ಅಕ್ಕನ ಹಲ್ಲಿನ ಕೆಲಸ ಎರಡು ಸಲ ಕೂತರೂ ಮುಗಿಯಲಿಲ್ಲವಂತೆ. ಬಂದ್ಯೋಡಿನ ನಮ್ಮ ದಂತ ಕ್ಲಿನಿಕ್ಕಿನಲ್ಲಿ ಈಗಲೂ ಹೇಳುವುದು ಇದನ್ನೇ. ಬಾಯಿ ಜೋರೆಂಬುದನ್ನು ಒಪ್ಪುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದಕ್ಕೇ ಕಪ್ ಕೊಟ್ಟಿದ್ದಾರೆ. ಕೈಯ ಮಾತಿಗೆ ಸಾಕ್ಷಿ ಎಲ್ಲಿದೆ?

ಹಲ್ಲಿನ ಬೇರಿನೊಳಗಿನ ಕಾಲುವೆಯನ್ನು ಕೆರೆದು ಅಗಲ ಮಾಡುವ, ಸೂಜಿಯಷ್ಟು ಸಪೂರದ ಉಕ್ಕಿನ ಅರವೇ ಫೈಲು. ಅಕ್ಕ ಎರಡನೇ ಸಲ ಬಂದ ಆ ಗುರುವಾರ ಅದು ಒಳಗೆ ತಿರುಗುತ್ತಿತ್ತು, ಕೆರೆಯುತ್ತಿರಲಿಲ್ಲ.

"ಎಂತ ಡಾಕ್ಟ್ರೇ, ಗುಡ್ಡದಲ್ಲಿ ನೀರಿನ ಸುರಂಗ ತೋಡ್ತಾ ಇದ್ದೀರಾ? ನೀರು ಸಿಕ್ತಾ?" ಮರಗಟ್ಟಿದ ತುಟಿಯಲ್ಲೇ ಅಕ್ಕ ಕೇಳಿದರು.

"ಒತ್ತಿ ಹಿಡಿ ಮಾರಾಯ್ತಿ, ಹಲ್ಲು ನಿನ್ನನ್ನು ಕಚ್ಚುದಿಲ್ಲ," ಎಂದರು ಹಿಂದೆ ನಿಂತಿದ್ದ ದೊಡ್ಡ ಡಾಕ್ಟರು.

ಒತ್ತಲಿಲ್ಲ. ಮೊಂಡು ಫೈಲನ್ನು ಒತ್ತಿದರೆ ಅದು ಒಳಗೇ ಮುರಿದೀತು. ತುಂಡು ಹೊರಬಾರದಿದ್ದರೆ ಹಲ್ಲೇ ಹೋದೀತು. ತಾತ್ಕಾಲಿಕ ಸಿಮೆಂಟು ತುಂಬಿ, ಶನಿವಾರ ಬರಹೇಳಿದೆ.

ನಮ್ಮಲ್ಲೊಂದು ಪದ್ಧತಿಯಿದೆ. ಶುಕ್ರವಾರ ರಜೆ. ಗುರುವಾರ ಸಂಜೆ ಫೈಲುಗಳನ್ನೆಲ್ಲ ಹೈಪೋ ಎನ್ನುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿ ಬಾಗಿಲು ಹಾಕುವುದು, ಶನಿವಾರ ತೊಳೆದು, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಇಡುವುದು. ಮೂಗಿಗೆ ಘಾಟು ಹೊಡೆದಷ್ಟೂ ಶುಚಿ ಎಂಬ ನಂಬಿಕೆ. ಕ್ರಿಮಿ ಸಾಯುತ್ತದೆ, ಸರಿ. ಉಕ್ಕಿನ ಅಂಚು ಉಳಿಯುತ್ತದೆಯೇ?

ಹಳೆಯದಾಗಿ ಮೊಂಡಾಯಿತು ಎಂದು ದೊಡ್ಡ ಡಾಕ್ಟರು ಜಾರಿಕೊಳ್ಳುತ್ತಾರೆಂದು ಗೊತ್ತಿತ್ತು. ಹಾಗಾಗಿ ಒಂದೇ ಅಳತೆಯ ಎರಡು ಹೊಸ ಫೈಲು ತೆಗೆದು, ಒಂದನ್ನು ಮಾತ್ರ ಅಂದು ಹೈಪೋದಲ್ಲಿ ನೆನೆಹಾಕಿದೆ. ಶನಿವಾರ, ಓದುವಾಗ ಅಭ್ಯಾಸಕ್ಕಿದ್ದ ಪ್ಲಾಸ್ಟಿಕ್ ತುಂಡಿನ ಮೇಲೆ ಎರಡನ್ನೂ ಆಡಿಸಿದೆ. ನೆನೆಯದ ಫೈಲು ಬಿಳಿ ಪುಡಿ ಉದುರಿಸಿತು. ನೆನೆದದ್ದು ಜಾರಿತು, ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನುದ್ದಕ್ಕೂ ತುಕ್ಕಿನ ಕುಳಿಗಳು.

ದೊಡ್ಡ ಡಾಕ್ಟರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಪ್ಲಾಸ್ಟಿಕ್ ಬೇರೆ, ಹಲ್ಲು ಬೇರೆ. ಇಷ್ಟು ವರ್ಷ ಇದರಲ್ಲೇ ಮಾಡಿದ್ದಲ್ವಾ ನಾನು?"

"ಇಷ್ಟು ವರ್ಷ ಒತ್ತಿಯೇ ಮಾಡಿದ್ದಲ್ವಾ ಸರ್?"

"ನಿನ್ನದೊಂದು ವಾದ ಯಾವಾಗ್ಲೂ ಉಂಟು."

ಅಷ್ಟರಲ್ಲಿ ಅಕ್ಕ ಬಂದು ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದಾಗಿತ್ತು. ಎರಡೂ ಫೈಲುಗಳನ್ನು ಟ್ರೇಯಲ್ಲಿಟ್ಟು ದೊಡ್ಡ ಡಾಕ್ಟರ ಮುಂದೆ ಹಿಡಿದೆ.

"ವಾದ ಬಿಡುವ ಸರ್. ಇವತ್ತು ನೀವೇ ಕೂತುಕೊಳ್ಳಿ. ಈ ಅಕ್ಕನ ಹಲ್ಲಿಗೆ ಇಂಥ ಎರಡು ಫೈಲಲ್ಲಿ ಯಾವುದನ್ನು ಹಾಕ್ತೀರಿ?"