ಅರ್ಜಿ ತಿದ್ದಿದ ಜುಬೇದಾ ಟೀಚರ್

ಜುಬೇದಾ ಟೀಚರ್ ಎದುರಿಗೆ ಯಾರೂ ಸುಮ್ಮನೆ ‘ಚೆನ್ನಾಗಿದೆ’ ಅನ್ನುವಂತಿರಲಿಲ್ಲ. ಶಾಲೆಯ ಎದುರಿನ ಹೋಟೆಲಿನವನು ಒಮ್ಮೆ ತನ್ನ ಚಟ್ನಿಯನ್ನು ತಾನೇ ಹೊಗಳಿಕೊಂಡದ್ದಕ್ಕೆ, ‘ಏನು ಚೆನ್ನಾಗೈತೆ? ಖಾರನಾ, ಉಪ್ಪಾ? ಬಿಡಿಸಿ ಹೇಳ್ರಿ’ ಎಂದು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಿದ್ದರಂತೆ. ಅವನು ತಡವರಿಸಿ ತಡವರಿಸಿ, ಕಾಯಿ ಕಡಿಮೆ, ಹುರಿಗಡಲೆ ಜಾಸ್ತಿ ಎಂದು ಒಪ್ಪಿಕೊಂಡನಂತೆ.

ಅವರು ದುರ್ಗದವರು. ಮನೆಯವರು ತಲೆತಲಾಂತರದಿಂದ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಹಿರಿಯೂರಿಗೆ ಮುಂಚೆಯೇ ಹೈವೇಯಲ್ಲಿ ಇಳಿದು, ನಮ್ಮೂರ ಹೈಸ್ಕೂಲಿಗೆ ಒಂದು ಮೈಲಿ ನಡೆದು ಬರುತ್ತಿದ್ದರು. ಸಣ್ಣ ಆಳು, ದೊಡ್ಡ ಚೀಲ. ಪಾಠ ಮಾಡುತ್ತಿದ್ದದ್ದು ಇಂಗ್ಲಿಷು.

ನಾನು ಅದೇ ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷ. ಕಸುಬು ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಕಟ್ಟುವುದು. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಕಟ್ಟಿದ ಮೋಟಾರು ಒಂದೇ ವರ್ಷಕ್ಕೆ ವಾಪಸು ಬಂದದ್ದಿಲ್ಲ. ಇದನ್ನು ಜಂಬ ಅಂದರೂ ಸರಿ.

ನನ್ನ ಮಗಳು ರೇಖಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಾಲಕರು ನನ್ನ ಅಂಗಡಿಗೆ ದೂರು ತಂದರು. ಬೇರೆ ಶಾಲೆಯ ಮಕ್ಕಳು ಗೈಡು ನೋಡಿ ಎಂಟು ಪಾಠದ ಉತ್ತರ ಬಾಯಿಪಾಠ ಮಾಡಿದ್ದಾರೆ, ಇಲ್ಲಿ ಒಂದೂವರೆ ಪುಟದ ಕತೆ ವಾರವಾದರೂ ಮುಗಿದಿಲ್ಲ ಎಂದರು. ನನಗೂ ಸಿಟ್ಟು ಬಂತು. ಟೀಚರನ್ನು ಬೇರೆ ಕಡೆ ಹಾಕಿಸಬೇಕೆಂದು ಹಿರಿಯೂರಿಗೆ ಹೋಗಿ ಶಿಕ್ಷಣಾಧಿಕಾರಿ ಸಾಹೇಬರ ಕಚೇರಿ ಎದುರಿನ ಟೈಪಿಸ್ಟನ ಕೈಲಿ ಅರ್ಜಿ ಮಾಡಿಸಿದೆ. ಆದರೆ ಬೆನ್ನ ಹಿಂದೆ ದೂರು ಕೊಡುವ ಜಾತಿ ನನ್ನದಲ್ಲ. ಮೊದಲು ಅವರ ಕೈಗೇ ಕೊಟ್ಟೆ.

ಟೀಚರ್ ಊಟದ ಡಬ್ಬಿ ಪಕ್ಕಕ್ಕಿಟ್ಟು, ಎರಡು ಸಲ ಓದಿದರು.

‘ಇದನ್ನ ಬರೆದವರು ಯಾರು?’

‘ನಾನೇ.’

‘ನೀವಲ್ಲ ಬಿಡ್ರಿ. ಉಜ್ವಲ ಭವಿಷ್ಯಕ್ಕೆ ಕೊಡಲಿಪೆಟ್ಟು ಅಂತ ನೀವು ಯಾವತ್ತಾದ್ರೂ ಮಾತಾಡಿದ್ದೀರಾ? ಇದು ಟೈಪಿಸ್ಟನ ದನಿ. ನಿಮ್ಮದೆಲ್ಲೈತೆ?’

ನಾನು ಬಾಯಿ ಬಿಡುವ ಮೊದಲೇ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ‘ಕಾಲಹರಣ ಅಂದಿದ್ದೀರಿ. ಎಲ್ಲಿ ಕಂಡ್ರಿ? ಬರ್ರಿ, ಕ್ಲಾಸಿನಾಗೆ ಕುಂತ್ಕಳ್ರಿ. ತಪ್ಪು ಕಂಡಿದ್ದು ಬರ್ಕಳ್ರಿ. ಅರ್ಜಿ ನಾನೇ ತಿದ್ದಿ ಕೊಡ್ತೀನಿ.’

ಬಿಡುವವನಾ ನಾನು? ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಬೋರ್ಡಿನ ಮೂಲೆಯಲ್ಲಿ ಆ ದಿನ ಕಲಿಯಬೇಕಾದ್ದನ್ನು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ ಬರೆದಿದ್ದರು. ಕತೆಯಲ್ಲಿರುವವರಿಗೆ ಏನು ಬೇಕಾಗಿದೆ ಎಂದು ಹೇಳುವುದು. ಯಾವ ಸಾಲಿನಿಂದ ಗೊತ್ತಾಯಿತು ಎಂದು ತೋರಿಸುವುದು. ಹಿಂದಿನ ಬೆಂಚಿಗೆ ಕೇಳುವಂತೆ ಹೇಳುವುದು.

ಕತೆಯಲ್ಲಿ ಒಬ್ಬ ಮುದುಕಿ, ಮನೆಗೆ ನೆಂಟರು ಬಂದರೂ ಬಾಗಿಲು ತೆರೆಯುವುದಿಲ್ಲ. ಪಕ್ಕದ ಹುಡುಗ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ. ಯಾಕೆ ತೆರೆಯಲಿಲ್ಲ ಎಂದು ಟೀಚರ್ ಕೇಳಿದರು. ಜಿಪುಣಿ ಎಂದರು ಕೆಲವರು, ಗರ್ವ ಎಂದರು ಕೆಲವರು. ನಾನೂ ಮನಸ್ಸಿನಲ್ಲಿ ಜಿಪುಣಿ ಎಂದೇ ತೀರ್ಮಾನಿಸಿದ್ದೆ. ಟೀಚರ್ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ‘ಸಾಲು ತೋರ್ಸ್ರಿ.’ ಸಾಲು ಸಿಗಲಿಲ್ಲ. ತುಂಬ ಹೊತ್ತಿನ ಮೇಲೆ ಒಬ್ಬ ಹುಡುಗಿ ಒಂದು ಕಡೆ ಬೆರಳಿಟ್ಟು ಓದಿದಳು. ಒಲೆಯಲ್ಲಿ ಬೂದಿ ಮೂರು ದಿನದಿಂದ ತಣ್ಣಗಿತ್ತು ಎಂದು ಅದರ ಅರ್ಥ. ಮುದುಕಿಯ ಮನೆಯಲ್ಲಿ ಬಡಿಸಲು ಏನೂ ಇರಲಿಲ್ಲ.

ರೇಖಾ ಮಾತ್ರ ಒಮ್ಮೆಯೂ ತಲೆ ಎತ್ತಲಿಲ್ಲ. ಗೊತ್ತಿದ್ದೂ ಬಾಯಿ ಬಿಡದವರ ಕುತ್ತಿಗೆ ಹೇಗೆ ಬಾಗುತ್ತದೆಂದು ನನಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಶಾಲೆಯ ತಪಾಸಣೆಗೆ ಬಂದವರು ಕೇಳಿದ ಪ್ರಶ್ನೆಗೆ ನನಗೆ ಉತ್ತರ ಬರುತ್ತಿತ್ತು, ಮಾತು ಬರಲಿಲ್ಲ. ಕ್ಲಾಸೆಲ್ಲ ನಕ್ಕಿತು. ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ದುಡಿಮೆಗಾಗಿ ಬಿಟ್ಟೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಕ್ಲಾಸು ಮುಗಿದ ಮೇಲೆ ಟೀಚರ್ ಬಿಳಿ ಹಾಳೆ ಕೊಟ್ಟರು. ‘ಸಾಹೇಬ್ರು ಓದಿ ಏನು ಮಾಡ್ಬೇಕು ಅನ್ನೋದು ಆಮೇಲೆ. ನಿಮಗೇನು ಬೇಕು? ಒಂದೇ ಸಾಲು.’ ಅರ್ಧ ಗಂಟೆ ಕುಳಿತೆ. ಅಷ್ಟು ಹೊತ್ತಿನಲ್ಲಿ ಒಂದು ಮೋಟಾರು ಬಿಚ್ಚಿ ಗುಡ್ಡೆ ಹಾಕುತ್ತಿದ್ದೆ. ಕಡೆಗೆ ಬರೆದೆ: ‘ನನ್ನ ಮಗಳು ನಾಲ್ಕು ಜನರ ಮುಂದೆ ನಿಂತು ತನಗೆ ತಿಳಿದದ್ದನ್ನು ಹೇಳಬೇಕು.’

ಟೀಚರ್ ಓದಿದರು. ‘ಇದು ನಿಮ್ಮ ದನಿ. ಪಾಠ ಹಿಂದೆ ಬಿದ್ದಿರೋದೂ ನಿಜ, ಅದನ್ನೂ ಸೇರಿಸ್ರಿ’ ಎಂದರು. ಸೇರಿಸಿದೆ. ಅರ್ಜಿ ಹಿರಿಯೂರಿಗೆ ಹೋಗಲಿಲ್ಲ. ಅವರ ಚೀಲ ಸೇರಿತು. ಆ ವಾರದಿಂದ ಶನಿವಾರ ಮಧ್ಯಾಹ್ನವೂ ಕ್ಲಾಸು ಶುರುವಾಯಿತು. ಗೈಡು ಮಾತ್ರ ಒಳಗೆ ಬರಲಿಲ್ಲ. ಪಾಲಕರಿಗೆ ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ಹೇಳಿದೆ.

ಹೋದ ವರ್ಷ ಅವರಿಗೆ ಹೊಳಲ್ಕೆರೆ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ನಾನು ವೇದಿಕೆ ಬೇಡವೆಂದು ಹಿಂದೆ ಹೋಗಿ ನಿಂತೆ. ರೇಖಾ ಎದ್ದು ಇಂಗ್ಲಿಷಿನಲ್ಲಿ ಮಾತಾಡಿದಳು. ಒಂದೆರಡು ಕಡೆ ನಿಂತಳು, ಮತ್ತೆ ತಾನೇ ಮುಂದುವರಿಸಿದಳು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಒಂದೊಂದು ಪದವೂ ನಾನಿದ್ದಲ್ಲಿಗೆ ಕೇಳಿಸಿತು. ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಬಸ್ಸಿಗೆ ಬಿಡಲು ಹೈವೇವರೆಗೆ ಹೋದಾಗ, ಮಗಳು ಅಷ್ಟೊಂದು ಏನು ಹೊಗಳಿದಳು ಎಂದು ಕೇಳಿದೆ.

‘ಹೊಗಳಿದ್ದು ಸ್ವಲ್ಪನೇ. ಆಮೇಲೆ ನನ್ನ ತಪ್ಪು ಎರಡು ಹೇಳಿದ್ಲು. ಹುಡುಗರು ಸಾಲು ಹುಡುಕೋವಾಗ ನಾನು ಅವಸರ ಮಾಡ್ತೀನಂತೆ. ಕೈ ಎತ್ತಿದೋರನ್ನೇ ಹೆಚ್ಚು ಕೇಳ್ತೀನಂತೆ. ಯಾವ ಪಾಠದಾಗೆ ಅಂತಾನೂ ಹೇಳಿದ್ಲು.’

ನನಗೆ ನೆಲ ಬಿರಿದರೆ ಸಾಕೆನಿಸಿತು. ಕ್ಷಮೆ ಕೇಳಲು ಬಾಯಿ ತೆರೆದೆ. ಟೀಚರ್ ಕೈ ಅಡ್ಡ ಹಿಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ.

‘ಸುಮ್ನಿರ್ರಿ. ನೀವು ಬೇರೆಯೋರ ಕೈಲಿ ಬರೆಸ್ಕಂಡು ಬಂದಿದ್ರಿ. ಅವಳು ತಾನೇ ಎದ್ದು ನಿಂತು ಹೇಳಿದ್ಲು.’