ನೆಲಕ್ಕಿಡದ ಪೇಟ

ನಾಟಕ ಶುರುವಾಗಲು ಇನ್ನೇನು ಬೆಲ್ ಹೊಡೆಯಬೇಕು. ತುಮಕೂರಿನ ರಂಗಮಂದಿರದ ಪರದೆಯ ಹಿಂದೆ ಗುಬ್ಬಿಯ ಪರಮಶಿವಯ್ಯ ಎರಡೂ ಕೈಯಿಂದ ತಲೆಯ ಪೇಟವನ್ನು ಒತ್ತಿ ಹಿಡಿದು ನಿಂತಿದ್ದರು.

“ನೆಲಕ್ಕಿಡಾಕಾಗಲ್ಲ ಮೇಷ್ಟ್ರೇ.”

“ಪ್ರಾಕ್ಟೀಸಲ್ಲಿ ದಿನಾ ಇಟ್ರಲ್ಲ ಯಜಮಾನ್ರೇ!” ಗುರುಪ್ರಕಾಶನ ದನಿ ಏರಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವನೇ ರಾಜ್ಯೋತ್ಸವಕ್ಕೆಂದು ಈ ನಾಟಕ ಬರೆದಿದ್ದ.

“ಅದು ರೆಡಿಮೇಡು, ಟೋಪಿ ಇದ್ದಂಗೆ. ಇದು ನಮ್ಮಪ್ಪಂದು. ನಮ್ಮನೇಲಿ ಪೇಟ ತೆಗ್ದು ನೆಲಕ್ಕಿಡಾದು ಸಾವಾದಾಗ ಕಣಪ್ಪ.”

ನಾಟಕದಲ್ಲಿ ಪರಮಶಿವಯ್ಯನೇ ಹಳೆಯ ಮೈಸೂರು. ಮುಂಬೈ, ಹೈದರಾಬಾದು, ಮದ್ರಾಸುಗಳ ಕೈಕೆಳಗೆ ಹಂಚಿಹೋಗಿದ್ದ ಮೂವರು ತಮ್ಮಂದಿರು, ಜೊತೆಗೆ ಒಂಟಿಯಾಗಿದ್ದ ಕೊಡಗು, ಎಲ್ಲರೂ ಬಂದು ಈ ಹಿರಿಯಣ್ಣನ ಬಾಗಿಲು ತಟ್ಟುತ್ತಾರೆ. ಮನೆ ಒಂದಾಗುತ್ತದೆ. ಕೊನೆಗೆ ಹಿರಿಯಣ್ಣ ತನ್ನ ಹೆಸರನ್ನೇ ಬಿಟ್ಟುಕೊಟ್ಟು, ಪೇಟ ತೆಗೆದು ತಾಯಿ ಭುವನೇಶ್ವರಿಯ ಪಾದದ ಬಳಿ ಇಡಬೇಕು.

“ಬಾಗ್ಲು ತೆಗಿ ತಾತ, ಇಲ್ಲಾಂದ್ರೆ ಮುಂಬೈ ವಾಪಸ್ ಹೊಂಟೋಯ್ತದೆ,” ಎಂದು ನಗಿಸಲು ನೋಡಿದ ಮುಂಬೈ ಪಾತ್ರದ ಚನ್ನೇಶ್.

“ಸುಮ್ಕಿರ್ಲಾ. ಮುಂಬೈಯೋನು ಅಮೃತೂರು ಬಸ್ ಕಂಡಕ್ಟ್ರಂಗೆ ಮಾತಾಡ್ತವ್ನೆ,” ಎಂದರು ಪರಮಶಿವಯ್ಯ. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ.

ಬೆಲ್ ಹೊಡೆಯಿತು.

ಪೇಟ ಕಟ್ಟುವುದೇ ಅವರ ಕಸುಬು. ಗುಬ್ಬಿ, ಕುಣಿಗಲ್ಲು, ಅಮೃತೂರು ಕಡೆಯ ಮದುವೆಗಳಲ್ಲಿ ಮದುಮಗನ ಗಲ್ಲ ಹಿಡಿದೆತ್ತಿ, “ಕತ್ತು ಅಲ್ಲಾಡಿಸ್ಬೇಡ, ಇವತ್ತೊಂದಿನ ನೀನೇ ರಾಜ. ನಾಳೆಯಿಂದ ಅವ್ಳು,” ಎಂದು ಅವನನ್ನು ನಗಿಸುತ್ತಲೇ ಮಡಿಕೆಯ ಮೇಲೆ ಮಡಿಕೆ ಕೂರಿಸುತ್ತಿದ್ದರು. ಊರಿಗೆಲ್ಲ ಕಟ್ಟಿದವರು ತಾವು ಮಾತ್ರ ಬರಿತಲೆ. ಕೇಳಿದವರಿಗೆ, ಸೆಕೆ ಎನ್ನುತ್ತಿದ್ದರು.

ಸೆಕೆಯಲ್ಲ. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಎಂದಾದ ದಿನ, ರೇಡಿಯೊ ಮುಂದೆ ಕೂತಿದ್ದ ಅವರಪ್ಪ ಎದ್ದು, ಪೇಟ ತೆಗೆದು ನಡುಮನೆಯ ನೆಲದ ಮೇಲಿಟ್ಟು, ಹೋಗಿ ತಲೆಗೆ ತಣ್ಣೀರು ಸುರಿದುಕೊಂಡಿದ್ದರು. ಪೇಟೆಬೀದಿಯ ಮೆರವಣಿಗೆಯಲ್ಲಿ ಕುಣಿದು, ಹಣೆತುಂಬ ಅರಿಸಿನ ಕುಂಕುಮ ಮೆತ್ತಿಕೊಂಡು ಬಂದ ಮಗ ಬಾಗಿಲಲ್ಲೇ ನಿಂತುಬಿಟ್ಟ. “ಅಪ್ಪಾ, ಯಾರೂ ಸತ್ತಿಲ್ಲ,” ಎಂದ. ಅಪ್ಪ ತಿರುಗಿ ನೋಡಲಿಲ್ಲ. ಸಾಯುವವರೆಗೂ ಪೇಟ ಕಟ್ಟಲಿಲ್ಲ. ಹಿರಿಯ ಬರಿತಲೆಯಲ್ಲಿರುವಾಗ ಮಗ ಹೇಗೆ ಕಟ್ಟಿಯಾನು? ಅಪ್ಪ ಹೋದ ಮೇಲೂ ಕಟ್ಟಿಕೊಳ್ಳಲು ಕೈ ಏಳಲಿಲ್ಲ.

ಈ ಸಲ ಟ್ರಂಕಿನಿಂದ ಆ ಬಟ್ಟೆ ತೆಗೆದಾಗ ಹೆಂಡತಿ ಸಿದ್ದಗಂಗಮ್ಮ, “ನಾಟಕಕ್ಕೆ ಯಾಕೆ ಮಾವನ ಬಟ್ಟೆ?” ಎಂದು ಕೇಳಿದ್ದಳು. “ಅದೂ ಒಂದ್ಸಲ ರಾಜ್ಯೋತ್ಸವ ನೋಡ್ಲಿ ಬುಡು,” ಎಂದಿದ್ದರು. ನೆಲಕ್ಕಿಡಬೇಕೆಂಬುದು ನೆನಪಾದದ್ದು ಕಟ್ಟಿಕೊಂಡು ಕನ್ನಡಿ ನೋಡಿದಾಗ. ಇಟ್ಟರೆ ಊರೆದುರು ಅಪ್ಪ ಅಂದು ಹಿಡಿದ ಸೂತಕವನ್ನು ಒಪ್ಪಿಕೊಂಡಂತೆ. ಇಡದಿದ್ದರೆ ಎಲ್ಲರೂ ತಿಂಗಳಿಡೀ ಬೆವರು ಸುರಿಸಿದ ನಾಟಕ ಹಾಳು.

ರಂಗದ ಮೇಲೆ ಬಾಗಿಲು ತೆರೆಯಿತು, ತಮ್ಮಂದಿರು ಒಳಗೆ ಬಂದರು, ಚಪ್ಪಾಳೆಯಾಯಿತು. ಭುವನೇಶ್ವರಿಯಾಗಿ ನಿಂತ ಕಾವ್ಯ ಕೈ ಚಾಚಿದಳು. “ಮಗನೇ, ಇನ್ನೇಕೆ ತಡ?”

ಪರಮಶಿವಯ್ಯ ಅಲುಗಲಿಲ್ಲ.

ಕಾವ್ಯ ಮತ್ತೊಮ್ಮೆ ಕೇಳಿದಳು. ಪಕ್ಕದ ಪರದೆಯಿಂದ, “ಇಡಿ ಯಜಮಾನ್ರೇ, ಇಡಿ,” ಎಂಬ ಪಿಸುಮಾತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಜನರ ನಡುವೆ ಕೂತಿದ್ದ ಸಿದ್ದಗಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಅವರ ಮೊಣಕಾಲು ಬಾಗಿತು. ಕೈ ತಲೆಗೆ ಹೋಯಿತು. ಆದರೆ ಬೆರಳುಗಳು ಪೇಟವನ್ನು ಎತ್ತಲಿಲ್ಲ. ಸಿಕ್ಕಿಸಿದ್ದ ತುದಿಯನ್ನು ಹುಡುಕಿ ಎಳೆದವು. ಮಡಿಕೆ ಬಿಚ್ಚಿತು. ಇನ್ನೊಂದು ಬಿಚ್ಚಿತು. ಜರಿಯಂಚಿನ ಬಟ್ಟೆ ಭುಜದಿಂದ ಜಾರಿ ನೆಲಕ್ಕೆ ಗೇಣಿರುವಾಗ ಅವರು ಕೂಗಿದರು.

“ಹಿಡ್ಕೊಳ್ಳಾ ಚನ್ನೇಶ! ನೆಲಕ್ಕೆ ತಾಗಿಸ್ಬೇಡ!”

ಬೆಚ್ಚಿದ ಚನ್ನೇಶ್ ತುದಿ ಹಿಡಿದ. ಬಟ್ಟೆ ಇನ್ನೂ ಬರುತ್ತಲೇ ಇತ್ತು. ಹೈದರಾಬಾದು ಕೈ ಕೊಟ್ಟಿತು, ಮದ್ರಾಸು ಓಡಿಬಂತು, ಕೊಡಗು ನಡುವನ್ನು ಎತ್ತಿ ಹಿಡಿಯಿತು. ಕೊನೆಯ ಸುತ್ತು ಬಿಚ್ಚಿದಾಗ ಪರಮಶಿವಯ್ಯ ಬರಿತಲೆಯಲ್ಲಿ ನಿಂತಿದ್ದರು, ಇನ್ನೊಂದು ತುದಿ ಅವರ ಮುಷ್ಟಿಯಲ್ಲಿ. ಬಟ್ಟೆ ಎಲ್ಲೂ ನೆಲ ಸೋಕಿರಲಿಲ್ಲ.

“ಯಾರೂ ಸತ್ತಿಲ್ಲ ಕಣಪ್ಪ,” ಎಂದರು.

ಆ ಮಾತು ನಾಟಕದಲ್ಲಿರಲಿಲ್ಲ. ಯಾರಿಗೆ ಹೇಳಿದರೆಂದು ಸಿದ್ದಗಂಗಮ್ಮನಿಗೆ ಮಾತ್ರ ತಿಳಿಯಿತು. ಉಳಿದವರು ಚಪ್ಪಾಳೆ ತಟ್ಟಿದರು.

ಗುಬ್ಬಿಯ ಬಸ್ಸಿನಲ್ಲಿ ಅವಳು ಬಟ್ಟೆ ಮಡಿಸುತ್ತ ಗೊಣಗಿದಳು. “ನೋಡಿ, ಎಲ್ರ ಕೈಲಿದ್ದ ವೇಷದ ಬಣ್ಣನೂ ಮೆತ್ಕಂಡದೆ. ಒಗುದ್ರೂ ಹೋಗಾಕಿಲ್ಲ ಇದು. ಮನೇಗೋಗಿ ಟ್ರಂಕಿಗೆ ಹಾಕ್ತೀನಿ.”

“ಟ್ರಂಕಿಗೆ ಬ್ಯಾಡ,” ಎಂದರು ಪರಮಶಿವಯ್ಯ. “ನಾಳೆ ಕುಣಿಗಲ್ ಮದ್ವೆ ಐತಲ್ಲ. ಕಟ್ಕೊಂಡೋಯ್ತೀನಿ.”

“ಬಣ್ಣ?”

“ಇರ್ಲಿ ಬುಡೇ.”